ಟ್ಯಾಂಕರ್ ನೀರು, ಸ್ವಂತ ಬಾವಿ: ಮೊಬೈಲಿನ ಜಾಹೀರಾತು ಮತ್ತು ಸಣ್ಣ ಬೆಳೆಗಾರ



ಸಂಘದ ಕಚೇರಿಗೆ ಬರುವವರು ಹಿಂದೆಲ್ಲ ಬಾಗಿಲಲ್ಲೇ ನಿಂತು "ಇವತ್ತು ರಾಶಿ ಎಷ್ಟಕ್ಕೆ ಹೋಯಿತು?" ಎಂದು ಕೇಳುತ್ತಿದ್ದರು. ಈಗ ಧಾರಣೆಯನ್ನು ಮೊಬೈಲಿನಲ್ಲಿ ನೋಡಿಕೊಂಡೇ ಬರುತ್ತಾರೆ. ಕೇಳುವ ಪ್ರಶ್ನೆಯೂ ಬೇರೆಯಾಗಿದೆ. "ಫೇಸ್‌ಬುಕ್ಕಿಗೆ ದುಡ್ಡು ಕಟ್ಟಿ ಜಾಹೀರಾತು ಕೊಟ್ಟರೆ ಕಾಫಿಪುಡಿ, ಮೆಣಸನ್ನು ಬೆಂಗಳೂರಿನವರಿಗೆ ನೇರವಾಗಿ ಮಾರಬಹುದಂತೆ. ನಮ್ಮ ಸಂಘ ಯಾಕೆ ಸುಮ್ಮನೆ ಕೂತಿದೆ?" ಎನ್ನುತ್ತಾರೆ.

ಸಂಘ ಸುಮ್ಮನೆ ಕೂತಿರಲಿಲ್ಲ. ಕಳೆದ ವರ್ಷ ಒಂದು ಪ್ರಯತ್ನ ಮಾಡಿ ಕೈ ಸುಟ್ಟುಕೊಂಡಿತು. ಮಹಾಸಭೆಯಲ್ಲಿ ಈ ವಿಚಾರ ಬಂದಾಗ ಪೂರ್ತಿ ವಿವರಣೆ ಕೊಡಲು ಸಮಯ ಸಾಲಲಿಲ್ಲ. ಆದ್ದರಿಂದ ಖರ್ಚಾದ ಹಣದ ಲೆಕ್ಕವನ್ನೂ ಅದರಿಂದ ಕಲಿತ ಪಾಠವನ್ನೂ ಈ ಪತ್ರಿಕೆಯ ಮೂಲಕ ತಮ್ಮ ಮುಂದೆ ಇಡುವುದು ಕಾರ್ಯದರ್ಶಿಯಾದ ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಪ್ರಚಾರ ನಮಗೆ ಹೊಸದಲ್ಲ

ಬೆಳೆಗಾರನಿಗೂ ಜಾಹೀರಾತಿಗೂ ಸಂಬಂಧವಿಲ್ಲವೆಂದು ಹಿರಿಯರು ಕೆಲವರು ಹೇಳುವುದುಂಟು. ಇದು ಸರಿಯಲ್ಲ. 1935ರಲ್ಲಿ ಕಾಫಿ ಸೆಸ್ ಸಮಿತಿ ಏರ್ಪಟ್ಟಾಗ ಕಾಫಿಯ ಮೇಲೆ ವಸೂಲಾದ ಸೆಸ್ ಹಣದಲ್ಲೇ ಕಾಫಿಯ ಪ್ರಚಾರ ನಡೆಯಿತು. ಮರುವರ್ಷ ಮುಂಬಯಿಯಲ್ಲಿ ತೆರೆದ ಕಾಫಿ ಹೌಸ್ ಆ ಪ್ರಚಾರದ ಫಲ. ಕಾಫಿಯ ರುಚಿಯೇ ಗೊತ್ತಿಲ್ಲದವರಿಗೆ ಒಂದು ಲೋಟ ಕುಡಿಸಿ ಗಿರಾಕಿ ಮಾಡಿಕೊಂಡರು.

ಆಮೇಲೆ 1942ರ ಕಾಫಿ ಕಾಯ್ದೆಯಂತೆ ಬೆಳೆದ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸುವ ಪದ್ಧತಿ ನಿಂತಿತು. ಮಾರುವ ಚಿಂತೆ ಬೆಳೆಗಾರನಿಗಿರಲಿಲ್ಲ. ಹಣ ಕಂತುಕಂತಾಗಿ ಬರುತ್ತಿತ್ತು, ತಡವಾಗಿ ಬರುತ್ತಿತ್ತು. 1992ರಿಂದ ಈ ಪದ್ಧತಿ ಸಡಿಲವಾಗುತ್ತ ಬಂದು 1996ರಲ್ಲಿ ಪೂರ್ತಿ ಮುಕ್ತ ಮಾರಾಟವಾಯಿತು. ಅಂದಿನಿಂದ ಗಿರಾಕಿಯನ್ನು ಹುಡುಕುವ ಭಾರ ನಮ್ಮ ಹೆಗಲಿಗೇ ಬಿದ್ದಿದೆ. ಅಡಿಕೆಯವರಿಗೆ ಇಂತಹ ಆಸರೆ ಮೊದಲೇ ಇರಲಿಲ್ಲ. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಬೆಳೆಗಾರರೇ ಒಟ್ಟಾಗಿ ಮಾರುಕಟ್ಟೆಗೆ ಇಳಿಯದೆ ಗತಿಯಿಲ್ಲ ಎಂಬ ಕಾರಣಕ್ಕೆ.

ಅಂದಮೇಲೆ ಪ್ರಚಾರ ಬೇಕೋ ಬೇಡವೋ ಎಂಬ ಪ್ರಶ್ನೆ ಇಂದಿನದಲ್ಲ. ಯಾವ ಪ್ರಚಾರ, ಎಷ್ಟು ಖರ್ಚಿನಲ್ಲಿ, ಯಾರ ಅಂಗಳದಲ್ಲಿ ಎಂಬುದೇ ಇಂದಿನ ಪ್ರಶ್ನೆ.

ಜಾಹೀರಾತಿನ ಹರಾಜು ಹೇಗೆ ನಡೆಯುತ್ತದೆ

ಅಂತರ್ಜಾಲದ ಪ್ರಚಾರದ ಕಥೆ ನಾವು ಅಂದುಕೊಂಡದ್ದಕ್ಕಿಂತ ಹಳೆಯದು. 1978ರ ಮೇ 3ರಂದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪನಿಯ ಗ್ಯಾರಿ ಥರ್ಕ್ ಎಂಬಾತ ಸುಮಾರು 400 ಜನರಿಗೆ ಒಂದೇ ಇ-ಮೇಲ್ ಕಳುಹಿಸಿದ. ಕೇಳದೆ ಕಳುಹಿಸಿದ ವ್ಯಾಪಾರಿ ಇ-ಮೇಲಿಗೆ ಅದೇ ಮೊದಲೆಂದು ಹೇಳುತ್ತಾರೆ. ಓದಿದವರಲ್ಲಿ ಹಲವರು ಸಿಟ್ಟಾದರು. ಇಂದಿಗೂ ಪರಿಸ್ಥಿತಿ ಹಾಗೆಯೇ ಇದೆ: ಕೇಳದೆ ಬಂದ ಕಾಗದಕ್ಕೆ ಯಾರೂ ಸಂತೋಷಪಡುವುದಿಲ್ಲ. 1994ರಲ್ಲಿ ಅಂತರ್ಜಾಲದ ಪುಟದ ಮೇಲೆ ಪಟ್ಟಿಯಂತಹ ಜಾಹೀರಾತುಗಳು ಕಾಣಿಸಿಕೊಂಡವು. 2000ದಲ್ಲಿ ಗೂಗಲ್ ತನ್ನ ಜಾಹೀರಾತು ವ್ಯವಸ್ಥೆಯನ್ನು ತೆರೆಯಿತು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಆಮೇಲೆ ಬಂದವು.

ಇವುಗಳ ಒಳಮರ್ಮ ನಮ್ಮ ಸದಸ್ಯರಿಗೆ ಬೇಗ ಅರ್ಥವಾಗುತ್ತದೆ, ಏಕೆಂದರೆ ಅದೂ ಒಂದು ಹರಾಜು. ಮಂಡಿಯಲ್ಲಿ ನಮ್ಮ ಅಡಿಕೆಯ ಮೇಲೆ ವರ್ತಕರು ಟೆಂಡರ್ ಬರೆಯುತ್ತಾರೆ. ಇಲ್ಲಿ ಹರಾಜಿಗೆ ಇಟ್ಟ ಸರಕು ಗಿರಾಕಿಯ ಕಣ್ಣು; ಟೆಂಡರ್ ಬರೆಯುವವರು ನಾವು. ಬೆಂಗಳೂರಿನ ಒಬ್ಬ ಗೃಹಿಣಿ ಮೊಬೈಲ್ ತೆರೆದ ಕ್ಷಣಾರ್ಧದಲ್ಲಿ ಆಕೆಗೆ ಯಾರ ಜಾಹೀರಾತು ತೋರಿಸಬೇಕೆಂಬ ಹರಾಜು ಮುಗಿದಿರುತ್ತದೆ. ಹೆಚ್ಚು ದುಡ್ಡು ಕೂಗಿದವನೇ ಗೆಲ್ಲುತ್ತಾನೆಂದಲ್ಲ. ಆಕೆ ಅದನ್ನು ಒತ್ತಿ ನೋಡುವ ಸಂಭವ ಎಷ್ಟು ಎಂಬುದನ್ನೂ ಕಂಪನಿ ಅಂದಾಜು ಮಾಡುತ್ತದೆ. ಸಾವಿರ ಸಲ ತೋರಿಸಿದ್ದಕ್ಕೆ ಇಷ್ಟು ಅಥವಾ ಒಂದು ಸಲ ಒತ್ತಿದ್ದಕ್ಕೆ ಇಷ್ಟು ಎಂದು ಹಣ ಹಿಡಿಯುತ್ತಾರೆ. ಕಾಫಿಪುಡಿ ಮಾರಾಟವಾಯಿತೋ ಇಲ್ಲವೋ, ಹಣ ಮಾತ್ರ ಕಟ್ಟಲೇಬೇಕು. ಇನ್ನೊಂದು ಮಾತು: ಅದೇ ಗೃಹಿಣಿಯ ಕಣ್ಣಿಗಾಗಿ ನಮ್ಮೊಡನೆ ಟೆಂಡರ್ ಬರೆಯುವವರಲ್ಲಿ ಕೋಟಿಗಟ್ಟಲೆ ಖರ್ಚು ಮಾಡಬಲ್ಲ ದೊಡ್ಡ ಕಾಫಿ ಕಂಪನಿಗಳೂ ಇರುತ್ತವೆ.

ನಮ್ಮ ಲೆಕ್ಕ

ಕಳೆದ ವರ್ಷ ಆಡಳಿತ ಮಂಡಳಿ ಕಾಫಿಪುಡಿಯ ಪ್ರಚಾರಕ್ಕೆ 8,000 ರೂಪಾಯಿ ಮಂಜೂರು ಮಾಡಿತು. ಪ್ರಸ್ತಾಪ ಇಟ್ಟವನು ನಾನೇ. ಜಾಹೀರಾತು ಹಾಕಿಕೊಡುವುದಾಗಿ ಒಬ್ಬರು ಮುಂದೆ ಬಂದರು. ಅವರ ಹೆಸರು ಇಲ್ಲಿ ಬೇಡ. ಯಾವ ಊರಿನವರಿಗೆ, ಯಾವ ಪಿನ್‌ಕೋಡಿನವರಿಗೆ ತೋರಿಸಬೇಕೆಂದು ಆರಿಸಿಕೊಳ್ಳಲು ಅವಕಾಶವಿದೆ. ಅದನ್ನು ನಾನು ವಿಚಾರಿಸಲಿಲ್ಲ, ಅವರು ಹೇಳಲಿಲ್ಲ. ಇಡೀ ಕರ್ನಾಟಕಕ್ಕೆ ತೋರಿಸಿಬಿಟ್ಟರು. ಹದಿನೈದು ದಿನ ನಮ್ಮ ಚಿತ್ರದ ಕೆಳಗೆ ಕೆಂಪು ಹೃದಯಗಳ ಸುರಿಮಳೆ. ಕಚೇರಿಯಲ್ಲಿ ಎಲ್ಲರಿಗೂ ತೋರಿಸಿ ನಾನೂ ಹಿಗ್ಗಿದೆ.

ಬಂದ ಆರ್ಡರು 11. ಅದರಲ್ಲಿ 3 ಪೊಟ್ಟಣ, ತಲುಪಿದಾಗ ಹಣ ಕೊಡುತ್ತೇವೆಂದವರ ಮನೆ ಬಾಗಿಲಿನಿಂದಲೇ ವಾಪಸು ಬಂದವು. ಉಳಿದದ್ದು 8. ಅಂದರೆ ಒಂದೊಂದು ಅರ್ಧ ಕಿಲೋ ಪೊಟ್ಟಣ ಮಾರಲು 1,000 ರೂಪಾಯಿ ಜಾಹೀರಾತಿಗೇ ಹೋಯಿತು. ಜಾಹೀರಾತು ನಿಂತ ಮರುದಿನದಿಂದ ಒಂದು ಆರ್ಡರೂ ಇಲ್ಲ.

ಮಹಾಸಭೆಯಲ್ಲಿ ಒಬ್ಬ ಹಿರಿಯ ಸದಸ್ಯರು ಎದ್ದುನಿಂತು, "ಸೆಕ್ರೆಟ್ರಿಗಳೇ, ಆ ಹೃದಯ ಒತ್ತಿದೋರು ಎಷ್ಟು ಕೆ.ಜಿ. ತಗಂಡ್ರು?" ಎಂದು ಕೇಳಿದರು. ಸಭೆ ನಕ್ಕಿತು. ನನ್ನ ಬಳಿ ಉತ್ತರವಿರಲಿಲ್ಲ. ಆ ಖರ್ಚಿನ ತಪ್ಪು ನನ್ನದೇ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಅದೇ ಹೊತ್ತಿಗೆ ಇನ್ನೊಂದು ಸಂಗತಿ ನಮಗರಿವಿಲ್ಲದೆ ನಡೆಯುತ್ತಿತ್ತು. ಬೆಂಗಳೂರಿನ ಕೃಷಿ ಮೇಳದಲ್ಲಿ ನಾವು ಮಳಿಗೆ ಹಾಕಿದ್ದಾಗ, ಪುಡಿ ಕೊಂಡವರಲ್ಲಿ ಇಷ್ಟವಿದ್ದವರು ತಮ್ಮ ಹೆಸರು, ಫೋನ್ ನಂಬರು, ಇ-ಮೇಲ್ ಬರೆಯಲೆಂದು ಒಂದು ಗೆರೆ ಹಾಕಿದ ನೋಟ್‌ಬುಕ್ ಇಟ್ಟಿದ್ದೆವು. 163 ಜನ ಬರೆದಿದ್ದರು. ನಮ್ಮ ಗುಮಾಸ್ತೆ ಹುಡುಗಿ, ಸದಸ್ಯರೊಬ್ಬರ ಮಗಳು, ಅವರಿಗೆಲ್ಲ ಎರಡು ತಿಂಗಳಿಗೊಮ್ಮೆ ಒಂದು ಕಾಗದ ಬರೆಯುತ್ತಿದ್ದಳು. ಅವರಲ್ಲಿ 40ಕ್ಕೂ ಹೆಚ್ಚು ಮನೆಯವರು ಈಗಲೂ ನಮ್ಮ ಖಾಯಂ ಗಿರಾಕಿಗಳು. ಇದಕ್ಕೆ ಬಿದ್ದ ಖರ್ಚು ಒಂದು ನೋಟ್‌ಬುಕ್ಕಿನ ಬೆಲೆ.

ಟ್ಯಾಂಕರ್ ನೀರಿನ ಪಾಠ

ಹೊಳಲ್ಕೆರೆ ಸೀಮೆಯ ಬೆಳೆಗಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರಗಾಲದಲ್ಲಿ ಕೊಳವೆಬಾವಿ ಬತ್ತಿದಾಗ ಮರ ಉಳಿಸಲು ಟ್ಯಾಂಕರಿಗೆ ದುಡ್ಡು ಸುರಿದವರು ನಾವು. ಟ್ಯಾಂಕರ್ ನೀರು ಆ ಹೊತ್ತಿಗೆ ಜೀವ ಉಳಿಸುತ್ತದೆ. ದುಡ್ಡು ನಿಂತ ದಿನ ನೀರೂ ನಿಲ್ಲುತ್ತದೆ. ಸ್ವಂತ ಬಾವಿ ಹಾಗಲ್ಲ. ನಿಧಾನವಾಗಿ ಊರಿದರೂ ಅದು ನಮ್ಮ ನೆಲದ ನೀರು. ದುಡ್ಡು ಕೊಟ್ಟು ಹಾಕಿಸುವ ಜಾಹೀರಾತು ಟ್ಯಾಂಕರ್ ನೀರು. ಗಿರಾಕಿ ತಾನಾಗಿ ಬರೆದುಕೊಟ್ಟ ವಿಳಾಸಗಳ ಪಟ್ಟಿ ಸ್ವಂತ ಬಾವಿ.

ಬೇರೆಯವರ ಅಂಗಳವನ್ನೇ ನಂಬಿ ಕೂತರೆ ಏನಾಗುತ್ತದೆಂಬುದಕ್ಕೆ ನಿದರ್ಶನಗಳು ಕಣ್ಣೆದುರಿಗಿವೆ. ಒಂದು ಕಾಲಕ್ಕೆ ನಮ್ಮ ಹುಡುಗರ ಬಾಯಲ್ಲೆಲ್ಲ ಆರ್ಕುಟ್ ಎಂಬ ಹೆಸರಿತ್ತು. 2014ರ ಸೆಪ್ಟೆಂಬರ್ 30ಕ್ಕೆ ಅದು ಮುಚ್ಚಿತು. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ಸೇರಿ 59 ಆಪ್‌ಗಳನ್ನು ನಿಷೇಧಿಸಿದಾಗ, ಅಲ್ಲಿ ವರ್ಷಗಟ್ಟಲೆ ಕಷ್ಟಪಟ್ಟು ಲಕ್ಷಾಂತರ ನೋಡುಗರನ್ನು ಸಂಪಾದಿಸಿದವರು ಅವರನ್ನೆಲ್ಲ ಒಂದೇ ಏಟಿಗೆ ಕಳೆದುಕೊಂಡರು. ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ಮಾತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ಗಂಟೆ ಕಾಲ ಕೆಟ್ಟು ನಿಂತವು. ಅಷ್ಟು ಹೊತ್ತು ಅವುಗಳನ್ನೇ ನಂಬಿದ ಅಂಗಡಿಗಳ ಬಾಗಿಲು ಮುಚ್ಚಿದಂತೆಯೇ.

ಇ-ಮೇಲಿಗೆ ಒಬ್ಬನೇ ಯಜಮಾನನಿಲ್ಲ. ಇವತ್ತು ಒಂದು ಕಂಪನಿಯ ಮೂಲಕ ಕಳುಹಿಸಿದ ಕಾಗದವನ್ನು ನಾಳೆ ಇನ್ನೊಂದರ ಮೂಲಕ ಕಳುಹಿಸಬಹುದು. ಗಿರಾಕಿಯ ವಿಳಾಸ ನಮ್ಮ ಪುಸ್ತಕದಲ್ಲೇ ಇರುತ್ತದೆ.

ಎರಡು ಉದಾಹರಣೆ

ಹಾಗೆಂದು ಸಾಮಾಜಿಕ ಜಾಲತಾಣಗಳನ್ನು ಬಿಟ್ಟುಬಿಡಿ ಎಂದು ನನ್ನ ಅಭಿಪ್ರಾಯವಲ್ಲ. ನಮ್ಮ ಜಿಲ್ಲೆಯದೇ ಒಂದು ಪ್ರಸಂಗ ಹೇಳುತ್ತೇನೆ. 2020ರ ಲಾಕ್‌ಡೌನ್ ಸಮಯದಲ್ಲಿ ಹಿರಿಯೂರು ತಾಲ್ಲೂಕಿನ ಒಬ್ಬ ರೈತ ಮಹಿಳೆ, ಬೆಳೆದ ಈರುಳ್ಳಿಗೆ ಬೆಲೆಯಿಲ್ಲವೆಂದು ಮೊಬೈಲಿನ ಮುಂದೆ ನಿಂತು ಮುಖ್ಯಮಂತ್ರಿಗಳಿಗೆ ಮೊರೆಯಿಟ್ಟರು. ಆ ವಿಡಿಯೊ ಊರೂರು ಸುತ್ತಿತು. ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರೇ ಅವರಿಗೆ ಫೋನ್ ಮಾಡಿ ಮಾತನಾಡಿದರು. ಒಬ್ಬ ರೈತನ ದನಿ ವಿಧಾನಸೌಧದವರೆಗೆ ಒಂದೆರಡು ದಿನದಲ್ಲಿ ಮುಟ್ಟುವುದು ಹಿಂದೆ ಕನಸಿನ ಮಾತಾಗಿತ್ತು. ಆದರೆ ಇದು ಮುಂಗಾರಿನ ಗುಡುಗು ಮಳೆಯಂತೆ. ಯಾವಾಗ, ಯಾರ ಹೊಲದ ಮೇಲೆ ಬೀಳುತ್ತದೆಂದು ಹೇಳಲಾಗದು. ಅದನ್ನು ನಂಬಿ ತೋಟ ಕಟ್ಟಲು ಬರುವುದಿಲ್ಲ.

ಎರಡನೆಯದು ಬಾಳೆಕಾಯಿ ಹುಡಿಯ ಪ್ರಸಂಗ. 2021ರಲ್ಲಿ ಬಾಳೆಗೆ ಧಾರಣೆ ಬಿದ್ದಾಗ, 1988ರಿಂದ ಪುತ್ತೂರಿನಿಂದ ಬರುತ್ತಿರುವ 'ಅಡಿಕೆ ಪತ್ರಿಕೆ'ಯ ಶ್ರೀಪಡ್ರೆಯವರು ಮತ್ತು ಕೃಷಿಕ ಮಿತ್ರರು ವಾಟ್ಸಾಪ್ ಗುಂಪಿನಲ್ಲಿ ಒಂದು ವಿಚಾರ ಬಿತ್ತಿದರು. ಬಲಿತ ಬಾಳೆಕಾಯನ್ನು ಹೆಚ್ಚಿ, ಒಣಗಿಸಿ, ಪುಡಿ ಮಾಡಿ, ಮೈದಾ ಗೋಧಿಯ ಬದಲಿಗೆ ಬಳಸುವುದು. 'ಬಾಕಾಹು' ಎಂಬ ಚುಟುಕು ಹೆಸರು ಅದಕ್ಕೆ ಬಂತು. ಮನೆಯ ಹೆಂಗಸರು ಅದರಲ್ಲಿ ದೋಸೆ, ಜಾಮೂನು ಮಾಡಿ ಚಿತ್ರ ಹಾಕಿದರು. ನೋಡಿದವರು ವಿಧಾನ ಕೇಳಿದರು. ಕೇಳಿದವರು ಮಾಡಿ ತೋರಿಸಿದರು. ಆ ವರ್ಷದ ಜುಲೈಯಲ್ಲಿ ಪ್ರಧಾನಮಂತ್ರಿಗಳು ತಮ್ಮ 'ಮನ್ ಕಿ ಬಾತ್' ಬಾನುಲಿ ಭಾಷಣದಲ್ಲಿ ಉತ್ತರ ಕನ್ನಡ, ದಕ್ಷಿಣ ಕನ್ನಡ ಜಿಲ್ಲೆಗಳ ಈ ಕೆಲಸವನ್ನು ಹೊಗಳಿದರು. ಬೀಸುವ ಕೈಗಳು ಬೀಸಿದವು, ಉಣ್ಣುವ ಬಾಯಿಗಳು ಹೇಳಿದವು. ಇದೇ ಅದರ ಪ್ರಚಾರ.

ಈ ಎರಡರ ವ್ಯತ್ಯಾಸ ಗಮನಿಸಿ. ಮೊದಲನೆಯದು ಕಷ್ಟ ಹೇಳಿಕೊಂಡಿತು, ಜನ ಮರುಗಿದರು. ಎರಡನೆಯದು ಗಿರಾಕಿಗೆ ಉಪಯೋಗವಾಗುವ ಒಂದು ವಿದ್ಯೆ ಕೊಟ್ಟಿತು. ಮರುಕ ಒಂದು ಸಲ ಕೊಳ್ಳಿಸುತ್ತದೆ. ಉಪಯೋಗ ಮತ್ತೆಮತ್ತೆ ಕೊಳ್ಳಿಸುತ್ತದೆ.

ಕಾಗದ ಬರೆಯುವ ಕ್ರಮ

ಒಂದೂವರೆ ವರ್ಷದ ಅನುಭವದಿಂದ ನಮಗೆ ತಿಳಿದ ಕೆಲವು ನಿಯಮಗಳನ್ನು ಇಲ್ಲಿ ಕೊಟ್ಟಿದ್ದೇನೆ. ಸ್ವಂತವಾಗಿ ಮಾರುವ ಸದಸ್ಯರಿಗೂ ಇವು ಅನ್ವಯಿಸುತ್ತವೆ.

1. ಒಪ್ಪಿಗೆ ಇಲ್ಲದೆ ಬರೆಯಬೇಡಿ. ಐದು ಸಾವಿರ, ಹತ್ತು ಸಾವಿರ ವಿಳಾಸಗಳ ಪಟ್ಟಿಯನ್ನು ಮಾರುತ್ತೇವೆಂದು ಬರುವವರಿದ್ದಾರೆ. ಅದು ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲತತ್ತ್ವವೂ ಒಪ್ಪಿಗೆಯೇ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ನೋಟ್‌ಬುಕ್ಕಿನ ಮೇಲ್ಗಡೆ "ನಮ್ಮ ಸಂಘದ ಸರಕಿನ ವಿಷಯ ತಿಳಿಸಲು ಮಾತ್ರ" ಎಂದು ಸ್ಪಷ್ಟವಾಗಿ ಬರೆದಿಡಿ.

2. ಬೇಡವೆಂದವರನ್ನು ಕೂಡಲೇ ಕೈಬಿಡಿ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಇ-ಮೇಲ್ ಕಳುಹಿಸುವವರಿಗೆ ಕಟ್ಟುನಿಟ್ಟು ಮಾಡಿವೆ. ಒಂದೇ ಒತ್ತಿನಲ್ಲಿ ಪಟ್ಟಿಯಿಂದ ಹೊರಬರುವ ಅವಕಾಶವಿರಬೇಕು. ಜಿಮೇಲಿನಲ್ಲಿ ಸಾವಿರ ಕಾಗದಕ್ಕೆ ಮೂರು ಜನ 'ಇದು ಕಸ' ಎಂದು ದೂರಿದರೂ ಸಾಕು, ಮುಂದಿನ ಕಾಗದಗಳು ಕಸದ ಪೆಟ್ಟಿಗೆಗೆ ಬೀಳುವ ಅಪಾಯವಿದೆ. ಆ ಮಿತಿ ನಮ್ಮ ಪುಟ್ಟ ಪಟ್ಟಿಗೆ ತಗಲುವುದಿಲ್ಲ, ಆದರೆ ಅದರ ನ್ಯಾಯ ನಮಗೂ ಒಪ್ಪತಕ್ಕದ್ದೇ.

3. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದಂತೆ ಕಳುಹಿಸಿ. ಮೊದಲನೆಯ ಕಾಗದ ಕಳುಹಿಸುವಾಗ ನಾನು ಎಲ್ಲ ವಿಳಾಸಗಳನ್ನೂ ಒಂದೇ ಸಾಲಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿಬಿಟ್ಟೆ. ಬೆಂಗಳೂರಿನ ವೈದ್ಯರೊಬ್ಬರು, "ನನ್ನ ವಿಳಾಸವನ್ನು ನೂರಾರು ಅಪರಿಚಿತರಿಗೆ ಹಂಚಲು ನಿಮಗೆ ಅಧಿಕಾರ ಕೊಟ್ಟವರು ಯಾರು?" ಎಂದು ಬರೆದರು. ಕ್ಷಮೆ ಕೇಳಿ ಉತ್ತರಿಸಿದೆ. ಅವರು ಮತ್ತೆ ಕೊಳ್ಳಲಿಲ್ಲ.

4. ಸುದ್ದಿಯಿದ್ದಾಗ ಮಾತ್ರ ಬರೆಯಿರಿ, ನಿಜ ಬರೆಯಿರಿ. ಕಳೆದ ಸುಗ್ಗಿಯಲ್ಲಿ ಮೋಡ ಕವಿದು ಮೆಣಸು ಒಣಗುವುದು ತಡವಾಯಿತು. ಆಗ ನಮ್ಮ ಹುಡುಗಿ, "ಮೆಣಸು ಇನ್ನೂ ಕಣದಲ್ಲಿದೆ. ಹಸಿ ಇರುವಾಗ ಕಳುಹಿಸಿದರೆ ಬೂಸಲು ಹಿಡಿಯುತ್ತದೆ. ಹದಿನೈದು ದಿನ ತಾಳಿಕೊಳ್ಳಬೇಕು" ಎಂದು ನಾಲ್ಕು ಸಾಲು ಬರೆದು ಕಣದ ಚಿತ್ರ ಇಟ್ಟಳು. ಒಬ್ಬರೂ ಆರ್ಡರು ರದ್ದು ಮಾಡಲಿಲ್ಲ. ಮೂವರು ಹೊಸದಾಗಿ ಕೇಳಿ ಬರೆದರು. ಎಂಟು ಸಾವಿರ ರೂಪಾಯಿ ಮಾಡದ ಕೆಲಸವನ್ನು ನಾಲ್ಕು ಸಾಲು ಮಾಡಿತು.

5. ವಾಟ್ಸಾಪನ್ನೂ ಬಳಸಿ. ಇ-ಮೇಲ್ ದಿನಾ ನೋಡದವರು ವಾಟ್ಸಾಪ್ ನೋಡುತ್ತಾರೆ. ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು. ಆದರೆ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ನಂಬರುಗಳನ್ನು ಪುಸ್ತಕದಲ್ಲೂ ಬರೆದಿಡುವುದನ್ನು ಮರೆಯಬಾರದು.

ಎಚ್ಚರಿಕೆಯ ಮಾತು

ಚೀಲಗಟ್ಟಲೆ ಅಡಿಕೆಗೆ ಈ ವಿಧಾನ ನಡೆಯುವುದಿಲ್ಲ. ರಾಶಿ, ಬೆಟ್ಟೆ, ಸರಕುಗಳ ಧಾರಣೆ ಗೊತ್ತಾಗುವುದು ಭೀಮಸಮುದ್ರ, ಶಿವಮೊಗ್ಗ, ಚನ್ನಗಿರಿಯಂತಹ ಕಡೆ ಮಾಲು ಕಣ್ಣಿಂದ ನೋಡಿ ಬರೆದ ಟೆಂಡರಿನಲ್ಲೇ ಹೊರತು ಇನ್‌ಸ್ಟಾಗ್ರಾಮಿನಲ್ಲಲ್ಲ. ಅಡಿಕೆಯನ್ನು ಔಷಧಿಯೆಂದು ಹೊಗಳಿ ಯಾರೂ ಜಾಹೀರಾತು ಹಾಕಬಾರದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದೆ. ಈ ವಿಚಾರದಲ್ಲಿ ನಮಗೆ ಎಷ್ಟೇ ನೋವಿದ್ದರೂ ಅದನ್ನು ಎತ್ತಬೇಕಾದ ಜಾಗ ಬೇರೆ. ಜಾಹೀರಾತಿನಲ್ಲಿ ಆರೋಗ್ಯದ ಸುಳ್ಳು ಭರವಸೆ ಕೊಟ್ಟರೆ ತೊಂದರೆ ಎಲ್ಲ ಬೆಳೆಗಾರರಿಗೂ ತಟ್ಟುತ್ತದೆ.

ಕಾಫಿಪುಡಿಯಲ್ಲಿ ಚಿಕೋರಿ ಬೆರೆಸಿದರೆ ಕಾಫಿ ಕನಿಷ್ಠ ಶೇ. 51 ಇರಬೇಕು, ಎಷ್ಟು ಬೆರೆಸಿದೆ ಎಂಬುದು ಪೊಟ್ಟಣದ ಮೇಲೆ ಕಾಣಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನಂಬರೂ ಇರಬೇಕು. ಚಿಕ್ಕಮಗಳೂರು, ಕೊಡಗು, ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೂ ಶಿರಸಿ ಅಡಿಕೆಗೂ 2019ರಲ್ಲಿ ಭೌಗೋಳಿಕ ಗುರುತು ದೊರಕಿದೆ. ಆ ಸೀಮೆಯಲ್ಲಿ ಬೆಳೆಯದ ಮಾಲಿಗೆ ಆ ಹೆಸರು ಇಡುವಂತಿಲ್ಲ. ನಮ್ಮದನ್ನು ನಮ್ಮ ಊರಿನ ಹೆಸರಿನಲ್ಲೇ ಮಾರೋಣ.

ಇನ್ನು ಮೋಸ. ನಮ್ಮ ಸದಸ್ಯರೊಬ್ಬರು ಮೆಣಸು ಮಾರಾಟಕ್ಕಿದೆ ಎಂದು ಫೋನ್ ನಂಬರು ಸಮೇತ ಹಾಕಿದ್ದರು. ಸೈನ್ಯದ ಅಧಿಕಾರಿ ಎಂದು ಹೇಳಿಕೊಂಡವನೊಬ್ಬ 40 ಕೆ.ಜಿ. ಬೇಕೆಂದು, ಮುಂಗಡ ಕಳುಹಿಸಲು ಒಂದು ಕ್ಯೂಆರ್ ಚಿತ್ರ ಕಳುಹಿಸಿ, "ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ" ಎಂದ. ಒತ್ತಿದರು. 18,000 ರೂಪಾಯಿ ಹೋಯಿತು. ಹಣ ಪಡೆಯಲು ಎಂದಿಗೂ ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತುವುದು ಕೊಡುವುದಕ್ಕೆ ಮಾತ್ರ. ಇಂತಹ ಮೋಸವಾದ ಕೂಡಲೇ 1930 ನಂಬರಿಗೆ ಫೋನ್ ಮಾಡಬೇಕು. ಅವರು ನಾಚಿಕೆಯಿಂದ ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ತಡಮಾಡಿದಷ್ಟೂ ಹಣ ಹಿಂದೆ ಬರುವ ಆಸೆ ಕಡಿಮೆ.

ಸಂಘ ಮಾಡಬೇಕಾದದ್ದು

"ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು" ಎಂಬ ಮಾತು ನಮ್ಮ ಬೆಳೆಯಿಂದಲೇ ಹುಟ್ಟಿದ್ದು. ಮೊಬೈಲಿನ ಪೇಟೆಗೂ ಅದೇ ಮಾತು ಸಲ್ಲುತ್ತದೆ. ಒಂದು ಸಲ ಹಳೆಯ ಮೆಣಸು ಹೊಸದೆಂದು ಕಳುಹಿಸಿದರೆ, ಕೊಂಡವರು ಅದನ್ನು ಊರಿಗೆಲ್ಲ ಕಾಣುವಂತೆ ಬರೆಯುತ್ತಾರೆ. ಅದನ್ನು ಯಾವ ಜಾಹೀರಾತೂ ತೊಳೆಯಲಾರದು.

ಆದ್ದರಿಂದ ಮುಂದಿನ ಸಭೆಯ ಮುಂದೆ ಈ ಸಲಹೆಗಳನ್ನು ಇಡುತ್ತಿದ್ದೇನೆ. ಪ್ರತಿಯೊಬ್ಬ ಸದಸ್ಯರೂ ಬೇರೆಬೇರೆ ಜಾಹೀರಾತು ಕೊಟ್ಟು ಒಬ್ಬರ ಮೇಲೊಬ್ಬರು ಟೆಂಡರ್ ಬರೆಯುವುದು ಬೇಡ. ಸಂಘದ ಹೆಸರಿನಲ್ಲಿ ಒಂದೇ ಗಿರಾಕಿ ಪುಸ್ತಕ ಇರಲಿ. ಮೇಳ, ಜಾತ್ರೆ, ಮದುವೆ ಎಲ್ಲೇ ನಮ್ಮ ಪುಡಿ ಮೆಚ್ಚಿದವರ ಒಪ್ಪಿಗೆ ಕೇಳಿ ವಿಳಾಸ ಬರೆಸಿಕೊಳ್ಳೋಣ. ಬೆಂಗಳೂರು, ದಾವಣಗೆರೆಯಲ್ಲಿರುವ ನಮ್ಮ ಮಕ್ಕಳು, ನೆಂಟರು ಇದರಲ್ಲಿ ನೆರವಾಗಬಲ್ಲರು. ದುಡ್ಡಿನ ಜಾಹೀರಾತು ಪೂರ್ತಿ ಬೇಡವೆನ್ನುವುದಿಲ್ಲ. ಹೊಸ ಸುಗ್ಗಿಯ ಹೊತ್ತಿಗೆ, ಒಂದೆರಡು ಪಿನ್‌ಕೋಡಿಗೆ, 1,000 ರೂಪಾಯಿ ಮೀರದಂತೆ, ಸರಕು ಮಾರಲಿಕ್ಕಲ್ಲದೆ ವಿಳಾಸ ಕೂಡಿಸಲಿಕ್ಕೆ ಹಾಕೋಣ. ಬಾವಿ ತೋಡುವಷ್ಟು ದಿನ ಟ್ಯಾಂಕರ್ ತರಿಸುವುದರಲ್ಲಿ ತಪ್ಪಿಲ್ಲ. ಖರ್ಚಿನ ಎದುರಿಗೆ ಹೃದಯಗಳ ಲೆಕ್ಕವಲ್ಲ, ಮಾರಿದ ಕೆ.ಜಿ.ಗಳ ಲೆಕ್ಕವನ್ನು ಪ್ರತಿ ತಿಂಗಳೂ ಸೂಚನಾ ಫಲಕದಲ್ಲಿ ಹಾಕುತ್ತೇನೆ.

ಗಿರಾಕಿ ಪುಸ್ತಕ ಕಚೇರಿಯ ಮೇಜಿನ ಮೇಲಿದೆ. ಈ ಲೇಖನ ಬರೆಯುವ ಹೊತ್ತಿಗೆ ಅದರಲ್ಲಿ 211 ಹೆಸರುಗಳಿವೆ. ಮಹಾಸಭೆಯಲ್ಲಿ ಆ ಪ್ರಶ್ನೆ ಕೇಳಿದ ಹಿರಿಯರೇ ಮೊನ್ನೆ ಬಂದು, ಚಿತ್ರದುರ್ಗದಲ್ಲಿರುವ ತಮ್ಮ ಬೀಗರ ಹೆಸರನ್ನು ಕೊನೆಯ ಸಾಲಿಗೆ ಬರೆಸಿ ಹೋದರು. "ಫೋನಿನಲ್ಲೇ ಒಪ್ಪಿಗೆ ಕೇಳಿ ಬಂದೀನಿ" ಎಂದು ಹೇಳುವುದನ್ನೂ ಮರೆಯಲಿಲ್ಲ. ತಾವೂ ಬಂದು ಒಂದೊಂದು ಹೆಸರು ಸೇರಿಸಬೇಕೆಂದು ಕೋರುತ್ತೇನೆ.

— ಕಾರ್ಯದರ್ಶಿ, ತಾಳ್ಯ